ಕೊನೆಯ ಹತ್ತು ನಿಮಿಷದ ಭಾರ

ನಮ್ಮೂರಿನಲ್ಲಿ ಯಾವುದನ್ನೂ ತೂಕ ಹಾಕಿ ಮಾರುವುದಿಲ್ಲ. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಾರೆ, ಹೂವನ್ನು ಮೊಳದಲ್ಲಿ, ತರಕಾರಿಯನ್ನು ಗುಡ್ಡೆ ಲೆಕ್ಕದಲ್ಲಿ, ಕಡ್ಲೆಪುರಿಯನ್ನು ಪಾವಿನಲ್ಲಿ. ತಕ್ಕಡಿ ನಂಬಿದವನು ಇಲ್ಲಿ ಒಂದು ವಾರವೂ ಅಂಗಡಿ ನಡೆಸಲಾರ. ಬೆಳಿಗ್ಗೆ ಒಂದು ಕೆಜಿ ತೂಗಿದ ಬದನೆಕಾಯಿ, ಯಾರ ಮನೆಗೋ ನೆಂಟರು ಇಳಿದು ನಾಲ್ಕು ಹೆಂಗಸರು ಅದರ ಮೇಲೇ ಕಣ್ಣು ಹಾಕಿದರೆ ಒಂದೂವರೆ ಕೆಜಿಯಾಗಿ ಕೂರುತ್ತದೆ. ಸಂಜೆಯವರೆಗೆ ಯಾರೂ ತಿರುಗಿ ನೋಡದ ಸೊಪ್ಪು ಬುಟ್ಟಿಯಿಂದ ಎದ್ದು ಅಂಗಡಿಯ ತಗಡಿನ ಸೂರಿಗೆ ಅಂಟಿಕೊಳ್ಳುತ್ತದೆ. ಹತ್ತು ಜನಕ್ಕೆ ಬೇಕಾದದ್ದು ಭಾರ, ಯಾರಿಗೂ ಬೇಡವಾದದ್ದು ಹಗುರ, ಇಷ್ಟೇ. ಹೊರಗಿನಿಂದ ಸೊಸೆಯಾಗಿ ಬಂದ ನನಗೆ ಮೊದಲ ವರ್ಷ ಸ್ವಲ್ಪ ಕಷ್ಟವಾಯಿತು. ಆಮೇಲೆ, ನಮ್ಮ ಮದುವೆಗೆ ಉಡುಗೊರೆಯಾಗಿ ಬಂದ ಹನ್ನೊಂದು ಗೋಡೆ ಗಡಿಯಾರಗಳನ್ನು ಅಟ್ಟದ ತೊಲೆಗೆ ಹಗ್ಗ ಹಾಕಿ ಕಟ್ಟುವುದು ನನಗೂ ಅಭ್ಯಾಸವಾಯಿತು.

ಆಷಾಢದ ಗಾಳಿ ಏಳುವಾಗ ಜನ ಕಿಟಕಿ ಬಾಗಿಲು ತೆರೆದಿಟ್ಟು ಅಟ್ಟದ ಹಗ್ಗ ಬಿಚ್ಚುತ್ತಾರೆ. ಆಗ ಮೇಲಿನ ಬೀದಿಯ ಕಟ್ಟೆಯ ಮೇಲೆ ಕೂತು ನೋಡಬೇಕು. ಹಳೇ ಕ್ಯಾಲೆಂಡರುಗಳು, ಒಂಟಿ ಚಪ್ಪಲಿಗಳು, ಸನ್ಮಾನದ ಫಲಕಗಳು, ಹರಿದ ಸೊಳ್ಳೆಪರದೆ, ಯಾರೋ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಕವನ ಸಂಕಲನದ ಕಟ್ಟುಗಳು, ಎಲ್ಲವೂ ಸೂರಿನಡಿಯಿಂದ ಹೊರಟು, ಒಂದಕ್ಕೊಂದು ತಾಗದೆ, ಅವಸರವಿಲ್ಲದೆ ಉತ್ತರದ ಗುಡ್ಡದ ಆಚೆಗೆ ತೇಲಿ ಹೋಗುತ್ತವೆ. ಗುಡ್ಡದ ಆಚೆ ಏನಿದೆಯೆಂದು ಯಾರೂ ಹೋಗಿ ನೋಡಿಲ್ಲ. ಬೇಡವಾದದ್ದು ಎಲ್ಲಿ ಬಿದ್ದರೆ ಯಾರಿಗೇನು.

ಮನುಷ್ಯರಿಗೂ ಬೇರೆ ನಿಯಮವಿಲ್ಲ. ನಾಲ್ಕು ಕಡೆಯಿಂದ ಕೇಳಿಕೊಂಡು ಬರುತ್ತಿರುವ ಹುಡುಗಿ ನಡೆದರೆ ಪಕ್ಕದ ಮನೆಯ ತಟ್ಟೆ ಲೋಟ ಅಲುಗುತ್ತವೆ. ಕೈಗೂಸು ಎಂದೂ ಹಗುರವಿರುವುದಿಲ್ಲ, ಬೇಕಿದ್ದರೆ ಬಾಣಂತಿಯರ ಸೊಂಟವನ್ನು ಕೇಳಿ. ವಯಸ್ಸಾದವರ ವಿಷಯವನ್ನು ಮಾತ್ರ ನಾವು ಗಟ್ಟಿಯಾಗಿ ಮಾತಾಡುವುದಿಲ್ಲ. ಹೋದ ವರ್ಷದ ಆಷಾಢದಲ್ಲಿ ಮೇಲಿನ ಬೀದಿಯ ಲೆಕ್ಕದ ಮೇಷ್ಟ್ರು ಬಿಡಿಸಿದ ಛತ್ರಿ ಹಿಡಿದುಕೊಂಡೇ ಗುಡ್ಡದ ಕಡೆ ತೇಲಿ ಹೋದರು. ಮಕ್ಕಳಿಬ್ಬರೂ ಮಾಳಿಗೆಯ ಮೇಲೇ ಇದ್ದರು. "ನೀನು ಹಿಡ್ಕೊಂಡಿದ್ದೀಯ ಅಂದ್ಕೊಂಡೆ" ಎಂದ ದೊಡ್ಡವನು. "ನೀನು ಹಿಡ್ಕೊಂಡಿರ್ತೀಯ ಅಂತ ನಾನು" ಎಂದ ಚಿಕ್ಕವನು. ಮೇಷ್ಟ್ರು ಹೋಗುತ್ತಾ ಒಂದು ಸಲ ಕೈ ಬೀಸಿದರಂತೆ. ಯಾರಿಗೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಇನ್ನು ನನ್ನ ಕಸುಬು. ನಾನು ಮನೆಯಲ್ಲೇ ಕೂತು ಫೋನಿನ ಹರಾಜಿನಲ್ಲಿ ಹಳೇ ಸಾಮಾನು ಮಾರುತ್ತೇನೆ. ನನ್ನ ಗಂಡ ನಂಜುಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಆ ವರ್ಷ ಕೂತು ಉಣ್ಣುವ ಸ್ಥಿತಿ ನಮ್ಮದಾಗಿರಲಿಲ್ಲ. ಒಂದು ದಿನ ಅಟ್ಟದಲ್ಲಿ ತೇಲುತ್ತಿದ್ದ ಅಳಗುಳಿ ಮಣೆಯ ಫೋಟೊ ತೆಗೆದು, ಯಾರೋ ಹೇಳಿಕೊಟ್ಟಂತೆ ಹರಾಜಿನ ಆ್ಯಪಿಗೆ ಹಾಕಿದೆ. ಆರು ದಿನ ಒಂದು ಕೂಗೂ ಬರಲಿಲ್ಲ. ಏಳನೇ ದಿನ ಸಂಜೆ ನಾನು ಒಲೆಯ ಮುಂದಿದ್ದಾಗ ಅಟ್ಟದಲ್ಲಿ ಹಗ್ಗ ಕಿರ್ರೆಂದಿತು. ನೋಡುನೋಡುತ್ತಿದ್ದಂತೆ ತುಂಡಾಗಿ, ಮಣೆ ದಢಾರನೆ ಅಕ್ಕಿ ಡಬ್ಬದ ಮೇಲೆ ಬಿತ್ತು. ಫೋನು ತೆಗೆದರೆ ಹದಿನೇಳು ಜನ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಎಲ್ಲೆಲ್ಲಿಯವರೋ ಏನೋ. ನಮ್ಮ ಅಟ್ಟ ಅವರಿಗೆ ಬೇಕಾಗಿತ್ತು.

ಅಲ್ಲಿಂದ ಹಿಂದೆ ನೋಡಲಿಲ್ಲ. ಊರಿನ ಅಟ್ಟಗಳೆಲ್ಲ ನನಗೆ ತೆರೆದುಕೊಂಡವು. ಹಿತ್ತಾಳೆಯ ಕಾಫಿ ಫಿಲ್ಟರು, ಶ್ಯಾವಿಗೆ ಒರಳು, ಬಿಸ್ಕತ್ತಿನ ತಗಡಿನ ಡಬ್ಬಿ, ಲಾಂದ್ರ, ಪಿಂಗಾಣಿ ಭರಣಿ, ಯಾವುದನ್ನು ಹಾಕಿದರೂ ಯಾವನೋ ಒಬ್ಬ ಕೂಗುತ್ತಾನೆ. ಇಡೀ ಊರಿನಲ್ಲಿ ತಕ್ಕಡಿ ಇರುವುದು ನನ್ನ ಮನೆಯಲ್ಲಿ ಮಾತ್ರ. ಮುಳ್ಳು ತಿರುಗುವ, ಮೇಲೆ ಹತ್ತಿ ನಿಲ್ಲಬಹುದಾದ ದೊಡ್ಡ ತಕ್ಕಡಿ. ಸಾಮಾನನ್ನು ಅದರ ಮೇಲಿಟ್ಟು ನಾನು ಅಡುಗೆ ಮಾಡುತ್ತೇನೆ, ಮುಳ್ಳು ನೋಡಿದರೆ ಸಾಕು, ಫೋನು ನೋಡಬೇಕಾಗಿಲ್ಲ. ಹರಾಜೆಂದರೆ ಹೆಸರಿಗೆ ಏಳು ದಿನದ ವ್ಯವಹಾರ. ಆರು ದಿನ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷ ಜನ ಆಕಳಿಸುತ್ತಾ ಸಾಮಾನು ನೋಡುತ್ತಾರೆ. ಇನ್ನು ಹತ್ತೇ ನಿಮಿಷ, ಆಮೇಲೆ ಇದು ಕೈಗೆ ಸಿಕ್ಕುವುದಿಲ್ಲ ಅಂದಾಗ ಮಾತ್ರ ಅವರ ಹೊಟ್ಟೆಯೊಳಗೆ ಬೇಕು ಅನ್ನುವುದು ಏಳುತ್ತದೆ. ಮುಳ್ಳು ಗಿರ್ರನೆ ತಿರುಗುವುದು ಆಗಲೇ. ಈ ಕಸುಬಿನಲ್ಲಿ ನಾನು ಕಲಿತ ದೊಡ್ಡ ಪಾಠ ಇದೊಂದೇ, ಅದನ್ನು ಊರಿನವರಿಗೆಲ್ಲ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಹರಾಜು ಮುಗಿದ ಮೇಲೆ ಎರಡು ದಿನ ಸಾಮಾನನ್ನು ಸುಮ್ಮನೆ ಬಿಡಬೇಕು. ಸೋತವರ ಆಸೆ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕು. ಇಳಿದ ಮೇಲೆ ಗೆದ್ದವನೊಬ್ಬನ ಭಾರ ಉಳಿಯುತ್ತದೆ, ಆಗ ಕಟ್ಟಿ ಕಳಿಸಿದರೆ ಕೊರಿಯರಿಗೆ ಹೆಚ್ಚು ತೆರಬೇಕಾಗಿಲ್ಲ. ಕೊರಿಯರಿನ ಮಾದಪ್ಪ ತನ್ನ ಲಗೇಜ್ ಆಟೊದಲ್ಲಿ ಬಂದು ಗಂಟು ಎತ್ತಿ ನೋಡಿ, "ಇನ್ನೂ ಯಾವನೋ ಒಬ್ಬ ಮರ್ತಿಲ್ಲ ಕಣ್ರವ್ವ, ನಾಳೆ ಬತ್ತೀನಿ" ಎಂದು ಹಾಗೇ ಹೋದದ್ದೂ ಉಂಟು. ಐವತ್ತು ದಾಟಿದ ಮನುಷ್ಯ, ಕೈಯಲ್ಲೇ ಲೆಕ್ಕ ಹೇಳುತ್ತಾನೆ.

ಸಾಮಾನು ಕಟ್ಟುವ ಕೆಲಸ ಅಂಬುಜಕ್ಕನದು. ಅವರು ನನ್ನ ಗಂಡನ ಅಕ್ಕ, ಅರವತ್ತೆರಡು ವರ್ಷ. ಮದುವೆ ಮಾಡಿಕೊಳ್ಳಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಸಾಕಿದರು, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಮಣಿ ಕೆಲಸ ಕಲಿಸಿದರು, ಶಾಲೆಯವರು ಆ ಪಾಠವನ್ನೇ ತೆಗೆದುಹಾಕಿದ ಮೇಲೆ ಮನೆಯಲ್ಲಿ ಉಳಿದರು. ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಗಾಜಿನ ಸಾಮಾನನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಮೂಲೆಗೆ ಹುಲ್ಲು ತುಂಬಿ, ಸುತಳಿಯಿಂದ ಅವರು ಹಾಕಿದ ಗಂಟು ಎಷ್ಟು ಎಸೆದಾಡಿದರೂ ಬಿಚ್ಚುವುದಿಲ್ಲ, ಬೇಕಾದವರು ಒಂದು ತುದಿ ಎಳೆದರೆ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಕೊಂಡವರು ಆ್ಯಪಿನಲ್ಲಿ ಐದು ನಕ್ಷತ್ರ ಕೊಟ್ಟು, ಕಟ್ಟಿದ ರೀತಿ ಎಷ್ಟು ಚೆಂದ ಎಂದು ಬರೆಯುತ್ತಿದ್ದರು. ನಾನು ಓದಿ ಖುಷಿಪಟ್ಟು ಫೋನು ಪಕ್ಕಕ್ಕಿಡುತ್ತಿದ್ದೆ. ಅಂಗಡಿ ನನ್ನ ಹೆಸರಿನಲ್ಲಿತ್ತು. ಅಕ್ಕನಿಗೆ ಓದಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಸುಳ್ಳು ಯಾಕೆ ಹೇಳಲಿ, ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ನಂಜುಂಡ ಇರುವಷ್ಟು ದಿನ ಅವನಿಗೆ ಮೊದಲು ಅಕ್ಕ, ಆಮೇಲೆ ನಾನು. ಆಗೆಲ್ಲ ಅವರು ನಡೆದರೆ ಕೆಂಪು ಗಾರೆಯ ನೆಲ ಗುಂ ಎನ್ನುತ್ತಿತ್ತು. ಅವನು ಹೋದ ಮೇಲೆ ಒಂದೊಂದಕ್ಕೂ "ನಂಜು ಇದ್ದಿದ್ರೆ" ಎನ್ನುವ ಮಾತು. ದಿನಕ್ಕೆ ಮೂರು ಸಲ "ಊಟ ಆಯ್ತೇನೇ" ಎಂದು ಕೇಳುವುದು. ಕಾಫಿ ಕುಡಿದ ಮೇಲೆ ನಾಲಿಗೆಯಿಂದ ಟಕ್ ಎನ್ನಿಸುವುದು. ಇವು ಬೈಯುವಂಥ ತಪ್ಪುಗಳಲ್ಲ, ಆದ್ದರಿಂದಲೇ ಒಳಗೊಳಗೇ ಕುದಿಸುತ್ತಿದ್ದವು. ಅವರಿಂದ ನನಗೆ ಉಪಯೋಗವಿತ್ತು, ಇಲ್ಲವೆನ್ನಲಾರೆ. ಆದರೆ ಉಪಯೋಗ ಬೇರೆ, ಬೇಕು ಅನ್ನುವುದು ಬೇರೆ. ಬೇರೆ ಊರಿನಲ್ಲಾದರೆ ಎರಡನ್ನೂ ಒಂದೇ ಎಂದು ಸಾಗಹಾಕಬಹುದು.

ಹೀಗೆ ಅಂಬುಜಕ್ಕ ಹಗುರಾದರು. ಮೊದಲು ಹೆಜ್ಜೆಯ ಸದ್ದು ಹೋಯಿತು. ಆಮೇಲೆ ಅವರು ಕೂತೆದ್ದ ಚಾಪೆಯ ಮೇಲೆ ಗುರುತು ಬೀಳುವುದು ನಿಂತಿತು. ಹೋದ ವರ್ಷದ ಆಷಾಢದಲ್ಲಿ ಸೀರೆಯಿಂದ ತಮ್ಮ ಸೊಂಟವನ್ನು ನಡುಮನೆಯ ಕಂಬಕ್ಕೆ ಕಟ್ಟಿಕೊಂಡು, ಹೊಸಿಲು ದಾಟದೆ ತಿಂಗಳು ಕಳೆದರು. ಅದಾದ ಮೇಲೆ ಮಡಿಲಲ್ಲಿ ಒಂದು ಹೊಳೆಕಲ್ಲು ಕಟ್ಟಿಕೊಂಡೇ ಓಡಾಟ. ಹೊಳೆಕಲ್ಲು ನಮ್ಮೂರಿನಲ್ಲಿ ಎಂದೂ ಹಗುರಾಗುವುದಿಲ್ಲ, ಪ್ರತಿ ಮನೆಗೂ ಒಂದಾದರೂ ಬೇಕಲ್ಲ. ಬಾಯಿಬಿಟ್ಟು ಅವರು ಏನೂ ಅನ್ನಲಿಲ್ಲ. ಒಂದು ದಿನ ಮಾತ್ರ, "ಈ ವರ್ಷದ ಗಾಳಿಗೆ ಕಂಬ ಸಾಲಲ್ಲ ಅನ್ಸುತ್ತೆ ಕಾಮು" ಎಂದರು, ಉಪ್ಪಿನಕಾಯಿಗೆ ಉಪ್ಪು ಸಾಲದು ಎಂಬಷ್ಟು ಸಲೀಸಾಗಿ.

ಊರ ಬಾಯಿಗೆ ಮುಚ್ಚಳವುಂಟೆ. ಎದುರು ಮನೆಯ ಕೋಮಲಮ್ಮ ಹೂವು ಕೊಡುವ ನೆಪದಲ್ಲಿ ಬಂದು ನಮ್ಮ ನೆಲವನ್ನೇ ನೋಡುತ್ತಾ ಕೂತಳು. "ನಿನ್ನ ಹೆಜ್ಜೆ ನಮ್ಮನೆವರ್ಗೂ ಕೇಳುತ್ತೆ ಕಣೇ ಕಾಮಾಕ್ಷಿ. ಏನ್ ಗಟ್ಟಿ, ಏನ್ ಗಟ್ಟಿ. ನಿಮ್ಮ ಅಂಬುಜಕ್ಕಂದೇ ಕೇಳ್ಸಲ್ಲ" ಎಂದಳು. "ಅವರು ಮೊದಲಿಂದ ಮೆತ್ತಗೆ ನಡೆಯೋರು" ಎಂದೆ. "ಹೂಂ, ನಮ್ಮತ್ತೇನೂ ಹಾಗೇ ಇದ್ರು" ಎಂದು ಅವಳು ಎದ್ದು ಹೋದಳು. ನನ್ನ ಹೆಜ್ಜೆ ಗಟ್ಟಿ ಅಂದದ್ದಕ್ಕೆ ನನಗೆ ಆಶ್ಚರ್ಯವೇನೂ ಆಗಲಿಲ್ಲ. ದಿನಾ ಬೆಳಿಗ್ಗೆ ತಕ್ಕಡಿ ಹತ್ತಿ ನೋಡಿಕೊಳ್ಳುತ್ತಿದ್ದೆ, ಅರವತ್ತೆಂಟರ ಮೇಲೆ ಮುಳ್ಳು ಬಂಡೆಯ ಹಾಗೆ ನಿಲ್ಲುತ್ತಿತ್ತು. ಗಂಡನಿಲ್ಲ, ಮಕ್ಕಳಿಲ್ಲ, ಆದರೂ ಇಷ್ಟು ಭಾರ. ದೇಶದ ತುಂಬ ಇರುವ ನನ್ನ ಗಿರಾಕಿಗಳಿಗೆಲ್ಲ ನಾನು ಬೇಕು ಎಂದು ಬೀಗುತ್ತಿದ್ದೆ.

ಆದರೆ ಕೋಮಲಮ್ಮನ ಮಾತು ಚುಚ್ಚಿತು. ಆಷಾಢಕ್ಕೆ ಇನ್ನು ಎರಡು ತಿಂಗಳಿತ್ತು. ಗಾಳಿ ಅಕ್ಕನನ್ನು ಎತ್ತಿಕೊಂಡು ಹೋದರೆ ಮೇಷ್ಟ್ರ ಮಕ್ಕಳನ್ನು ನೋಡುವಂತೆ ಊರು ನನ್ನನ್ನು ನೋಡುತ್ತದೆ. ಮೊದಲು ಹೆದರಿಕೆಯಾದದ್ದು ನನ್ನ ಮಾನಕ್ಕೆ, ಅವರ ಜೀವಕ್ಕಲ್ಲ. ಅದನ್ನೂ ಹೇಳಿಬಿಡುತ್ತೇನೆ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಹರಾಜು. ಅಕ್ಕ ಹತ್ತೊಂಬತ್ತನೇ ವಯಸ್ಸಿನಲ್ಲಿ ಹೆಣೆದ ಒಂದು ಮಣಿಯ ಗಿಳಿಯಿತ್ತು. ಹಸಿರು ಮಣಿಯ ಮೈ, ಕೆಂಪು ಕೊಕ್ಕು, ಕತ್ತಿಗೆ ಒಂದೇ ಸಾಲು ಕಪ್ಪು. ಯಾರೂ ನೋಡದೆ ಅದೂ ಹಗುರಾಗಿ, ದಾರದ ತುದಿಯಲ್ಲಿ ಸೂರಿನ ಕಡೆ ಮುಖ ಮಾಡಿ ನಿಂತಿತ್ತು. ಅದನ್ನು ಹರಾಜಿಗೆ ಹಾಕೋಣ, ನಾಲ್ಕು ಜನ ಕೂಗಿದರೆ, ಮಾಡಿದವರು ಯಾರೆಂದು ಕೇಳಿದರೆ, ಅಕ್ಕನ ಮೈಯಿಗೂ ಒಂದಿಷ್ಟು ಭಾರ ಬಂದೀತು ಎಂದುಕೊಂಡೆ. "ನಿಮ್ಮ ಗಿಳೀನ ಹಾಕ್ತೀನಿ ಅಕ್ಕ" ಎಂದರೆ ಅವರು ಮುಖ ತಿರುಗಿಸಿಕೊಂಡು, "ಅದನ್ಯಾರು ಕೇಳ್ತಾರೇ" ಎಂದರು. ಸಂಜೆ ನೋಡಿದರೆ ಅದರ ಧೂಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿಟ್ಟಿದ್ದರು.

ಆರು ದಿನ ಕಳೆಯಿತು. ಏಳನೇ ದಿನ ಸಂಜೆಯೂ ಒಂದು ಕೂಗಿಲ್ಲ. ಅಕ್ಕ ಅಡುಗೆಮನೆಯಲ್ಲಿ ಇದ್ದರೂ ಕಿವಿ ಇತ್ತ ಕಡೆಯೇ ಇತ್ತು. ನನಗೆ ತಡೆಯಲಾಗಲಿಲ್ಲ. ನಂಜುಂಡನ ಹಳೇ ಫೋನಿನಿಂದ ಒಂದು ಹೆಸರು, ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಇಸಿದುಕೊಂಡು ಬಂದ ಕೋಮಲಮ್ಮನ ಫೋನಿನಿಂದ ಇನ್ನೊಂದು ಹೆಸರು ಹುಟ್ಟಿಸಿ, ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು ಒಬ್ಬಳೇ ಇಬ್ಬರ ಹಾಗೆ ಕೂಗತೊಡಗಿದೆ. ಹನ್ನೆರಡು ಕೂಗಾದ ಮೇಲೆ ಫೋನುಗಳನ್ನು ಸೆರಗಿನಡಿ ಮುಚ್ಚಿಟ್ಟು, "ಅಕ್ಕ, ಬನ್ನಿ ಇಲ್ಲಿ, ನಿಮ್ಮ ಗಿಳಿಗೆ ಜಗಳ ಬಿದ್ದಿದೆ" ಎಂದು ಕರೆದೆ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ತೋರಿಸಿದ ನನ್ನ ಫೋನಿನ ಪರದೆಯನ್ನು ನೋಡಲಿಲ್ಲ. ಗಿಳಿಯನ್ನು ದಾರದಿಂದ ಬಿಡಿಸಿ ಅಂಗೈಯ ಮೇಲಿಟ್ಟುಕೊಂಡರು. ಆಮೇಲೆ ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿದರು, ಗಿಳಿ ಇದ್ದಲ್ಲೇ ಗಾಳಿಯಲ್ಲಿ ನಿಂತಿತು. "ಈ ಕೂಗಲ್ಲಿ ಯಾರೂ ಇಲ್ಲ ಕಣೇ ಕಾಮು" ಎಂದರು. ಬೈದಿದ್ದರೆ ಆಗುತ್ತಿತ್ತು, ಅವರು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ತಾನೇ ಸೆರಗಿನಡಿಯ ಫೋನುಗಳ ಮೇಲೆ ಹೋಯಿತು. ಅಷ್ಟು ವರ್ಷ ಈ ಊರಿನಲ್ಲಿದ್ದು, ಇಡೀ ಊರಿಗೆ ಪಾಠ ಹೇಳಿ, ಸುಳ್ಳು ಕೂಗಿಗೆ ತೂಕವಿಲ್ಲ ಅನ್ನುವುದು ನನಗೇ ಮರೆತುಹೋಗಿತ್ತು. ನಾಚಿಕೆಯಿಂದ ಆ ಸಂಜೆ ನಾನು ತಲೆ ಎತ್ತಲಿಲ್ಲ.

ಮೂರನೇ ದಿನ ಹರಾಜಿನವರಿಂದ ಸಂದೇಶ ಬಂತು. ಸ್ವಂತ ಸಾಮಾನಿಗೆ ತಾನೇ ಕೂಗಿದ್ದಕ್ಕಾಗಿ ನಲವತ್ತು ದಿನ ಅಂಗಡಿ ಬಂದ್. ತಪ್ಪು ನನ್ನದೇ, ಜಗಳಕ್ಕೆ ಬಾಯಿರಲಿಲ್ಲ. ಹತ್ತು ದಿನದೊಳಗೆ ಗಿರಾಕಿಗಳು ನನ್ನನ್ನು ಮರೆತರು. ಹೇಗೆ ಗೊತ್ತಾಯಿತೆಂದರೆ, ಸಾಮಾನಿನ ಕೋಣೆಯಲ್ಲಿ ಅಲ್ಲಿಯವರೆಗೆ ನೆಲದ ಮೇಲಿದ್ದದ್ದೆಲ್ಲ ಒಂದೊಂದಾಗಿ ಮೇಲೆದ್ದಿತು. ಒಂದು ಮಧ್ಯಾಹ್ನ ನಾನು, ಅಕ್ಕ ಇಬ್ಬರೂ ಅಲ್ಲಿ ಕೂತು ದಾರ ಕಟ್ಟುತ್ತಿದ್ದೆವು. ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು ಓರೆಯಾಗಿ ಬಿದ್ದಿತ್ತು. ಅದರೊಳಗೆ ಭರಣಿಗಳು, ಲಾಂದ್ರಗಳು, ಪೂರಿ ಒತ್ತುವ ಮಣೆಗಳು ಮೆಲ್ಲಗೆ ತಿರುಗುತ್ತಿದ್ದವು. ಹಿತ್ತಾಳೆ ಲೋಟಗಳು ಒಂದಕ್ಕೊಂದು ತಾಗಿ ದೂರದಲ್ಲಿ ಎಲ್ಲೋ ದನ ಮನೆಗೆ ಬರುವ ಹಾಗೆ ಸದ್ದಾಗುತ್ತಿತ್ತು. ಅಕ್ಕ ಬಾಗಿಲ ಪಟ್ಟಿಗೆ ಕಾಲ್ಬೆರಳು ಸಿಕ್ಕಿಸಿಕೊಂಡು ಕೂತಿದ್ದರು, ಇಲ್ಲವಾದರೆ ಅವರೂ ಏಳುತ್ತಿದ್ದರು. ಮೇಲೆ ನೋಡುತ್ತಾ, "ನಾನೂ ಅಲ್ಲೇ ಹೋಗಿ ಒಂದು ಮೂಲೇಲಿ ಇದ್ರೆ ನಿನಗೆ ನೆಲ ಖಾಲಿಯಾಗುತ್ತೆ ಅಲ್ವೇನೇ" ಎಂದರು. ಅವರ ದನಿಯಲ್ಲಿ ಚುಚ್ಚುಮಾತಿನ ಛಾಯೆಯೂ ಇರಲಿಲ್ಲ. ನಾನು ದಾರಕ್ಕೆ ಗಂಟು ಹಾಕುತ್ತಾ ಕೇಳಿಸದವಳಂತೆ ಇದ್ದೆ. ಆ ದಿನ ಕೇಳಿಸಿಕೊಳ್ಳಬೇಕಾಗಿತ್ತು.

ಅದೇ ವಾರ ಅಕ್ಕ ತಮ್ಮ ಚಿಕ್ಕಮ್ಮನ ಮಗಳಿಗೆ ಕಾಗದ ಬರೆದರು. ಅವಳಿದ್ದದ್ದು ಬಯಲು ಕಡೆಯ ಊರು. ಅಲ್ಲಿ ಬೇಕಾದವರಿಗೂ ಬೇಡದವರಿಗೂ ಒಂದೇ ತೂಕ, ಗಾಳಿ ಯಾರನ್ನೂ ಎತ್ತುವುದಿಲ್ಲ. ಬಂದು ಇರಲಿ, ಒಬ್ಬರಿಗೆ ಜಾಗವಿದೆ ಎಂದು ಉತ್ತರ ಬಂತು. "ಆಷಾಢ ಬರೋದ್ರೊಳಗೆ ಹೊರಟುಬಿಡ್ತೀನಿ. ನಿನಗೂ ಹಗಲೂ ರಾತ್ರಿ ನನ್ನ ಕಾಯೋ ಕೆಲಸ ತಪ್ಪುತ್ತೆ" ಎಂದರು ಅಕ್ಕ. ನಮ್ಮೂರಿನಿಂದ ಹಾಗೆ ಹೋದವರು ಯಾರೂ ಹಿಂದಿರುಗಿದ್ದಿಲ್ಲ, ಒಮ್ಮೆ ಅಲ್ಲಿಯ ನೆಲಕ್ಕೆ ಕಾಲು ಹೊಂದಿಕೊಂಡರೆ ಇಲ್ಲಿಗೆ ಬರುವ ಧೈರ್ಯ ಯಾರಿಗಿದೆ. ನನಗೆ ಹಾಯೆನಿಸಿತು. ಗಾಳಿಗೆ ಕೊಟ್ಟೆ ಎಂಬ ಅಪವಾದವಿಲ್ಲ, ಮನೆಯಲ್ಲಿ ಟಕ್ ಎನ್ನುವ ನಾಲಿಗೆಯಿಲ್ಲ. "ನಿಮ್ಮಿಷ್ಟ ಅಕ್ಕ" ಎಂದೆ.

ಒಂದು ವಿಷಯ ಮಾತ್ರ ಆ ದಿನಗಳಲ್ಲಿ ನನ್ನನ್ನು ಕಾಡುತ್ತಿತ್ತು. ಗಿರಾಕಿಗಳು ಮರೆತರು, ಸಾಮಾನೆಲ್ಲ ಸೂರು ಸೇರಿತು, ಇನ್ನು ನನ್ನ ಸರದಿ ಎಂದು ದಿನಾ ಬೆಳಿಗ್ಗೆ ಹೆದರುತ್ತಾ ತಕ್ಕಡಿ ಹತ್ತುತ್ತಿದ್ದೆ. ಮುಳ್ಳು ಅರವತ್ತೆಂಟರಲ್ಲೇ ಇತ್ತು. ಹತ್ತನೇ ದಿನವೂ ಅರವತ್ತೆಂಟು, ಮೂವತ್ತನೇ ದಿನವೂ ಅರವತ್ತೆಂಟು. ತಕ್ಕಡಿಯೇ ಕೆಟ್ಟಿದೆಯೆಂದು ಒಂದು ಲಾಂದ್ರ ಇಟ್ಟು ನೋಡಿದೆ, ಅದು ಕೂರಲೇ ಇಲ್ಲ, ತೇಲಿಕೊಂಡು ಹೋಯಿತು. ತಕ್ಕಡಿ ಸರಿಯಾಗಿಯೇ ಇತ್ತು.

ಮೂವತ್ತೆಂಟನೇ ದಿನ ಬೆಳಿಗ್ಗೆ ಮಾದಪ್ಪನ ಆಟೊ ಬಾಗಿಲಿಗೆ ಬಂತು. ಆಕಾಶದಲ್ಲಿ ಮೋಡ ಅವಸರ ಮಾಡುತ್ತಿತ್ತು, ಹುಣಸೆ ಮರದ ತುದಿ ಆಗಲೇ ಉತ್ತರಕ್ಕೆ ಬಾಗುತ್ತಿತ್ತು. "ಬಸ್ಸಿಗೆ ಹತ್ತೇ ನಿಮಿಷ ಐತೆ ಕಣ್ರವ್ವ, ಬೇಗ ಬನ್ನಿ" ಎಂದು ಅವನು ಅಕ್ಕನ ಟ್ರಂಕನ್ನು ಎರಡು ಬೆರಳಿನಲ್ಲಿ ಎತ್ತಿ, ಹಾರಿಹೋಗದ ಹಾಗೆ ಹಗ್ಗ ಬಿಗಿದ. ಅಕ್ಕ ಮಡಿಲು ಬಿಚ್ಚಿ ಹೊಳೆಕಲ್ಲನ್ನು ತೆಗೆದು ಅಡುಗೆಮನೆಯ ಹೊಸಿಲ ಪಕ್ಕದಲ್ಲಿಟ್ಟರು. "ಮನೆ ಕಲ್ಲು ಮನೇಲೇ ಇರ್ಲಿ. ಅಲ್ಲಿ ನನಗೆ ಇದರ ಕೆಲಸ ಬೀಳಲ್ಲ" ಎಂದರು. ಕಲ್ಲು ಬಿಟ್ಟದ್ದೇ ಅವರ ಹಿಮ್ಮಡಿ ನೆಲದಿಂದ ಎದ್ದಿತು. ನಾನು ಗಬಕ್ಕನೆ ಮುಂಗೈ ಹಿಡಿದುಕೊಂಡೆ. ಒಗೆದು ಒಣಹಾಕಿದ ಸೀರೆಯೊಂದನ್ನು ಹಿಡಿದುಕೊಂಡ ಹಾಗಿತ್ತು.

ಹಾಗೇ ಅವರನ್ನು ಹಿಡಿದು ಅಂಗಳ ದಾಟಿಸಿದೆ. ಅವರು ಒಂದೇ ಸಮನೆ ಹೇಳುತ್ತಿದ್ದರು. "ಸುತಳಿ ಎರಡನೇ ಗೂಡಲ್ಲಿದೆ. ಗಾಜಿನ ಸಾಮಾನಿಗೆ ಹತ್ತಿ ಸೀರೇನೇ ಸುತ್ತು, ನೈಲಾನ್ ಜಾರುತ್ತೆ. ಮಜ್ಜಿಗೆ ಕಡೆದಿಟ್ಟಿದ್ದೀನಿ. ಒಬ್ಬಳಿಗೇನು ಅಡುಗೆ ಅಂತ ನೀರು ಕುಡಿದು ಮಲಗ್ಬೇಡ, ನಿನಗೆ ಹೊಟ್ಟೆ ಹಿಡ್ಕೊಳ್ಳುತ್ತೆ. ಕೇಳಿಸ್ತೇನೇ." ಕೇಳಿಸುತ್ತಿತ್ತು. ಬೆಳಿಗ್ಗೆ ಅಂಗಳಕ್ಕೆ ಸಗಣಿ ಹಾಕಿ ಸಾರಿಸಿದ್ದರು, ಹೋಗುವ ದಿನವೂ ಬಿಟ್ಟಿರಲಿಲ್ಲ, ಅದಿನ್ನೂ ಒಣಗಿರಲಿಲ್ಲ. ಆಟೊ ಮುಟ್ಟಿ ನಾನು ಒಂದು ಸಲ ಹಿಂದೆ ತಿರುಗಿ ನೋಡಿದೆ. ಬಾಗಿಲಿನಿಂದ ಇಲ್ಲಿಯವರೆಗೆ ಒಂದೇ ಸಾಲು ಹೆಜ್ಜೆ. ಬೆರಳು, ಹಿಮ್ಮಡಿ ಎಲ್ಲ ಇಳಿದ ಆಳವಾದ ಹೆಜ್ಜೆ. ಎಲ್ಲವೂ ನನ್ನವು.

"ಅಕ್ಕ" ಎಂದೆ. "ಅಂಗಡಿ ಮುಚ್ಚಿ ಇಷ್ಟು ದಿನ ಆಯ್ತು. ನನ್ನ ಇಡೀ ಲೋಕ ಮರೆತಿದೆ. ನನ್ನ ಮುಳ್ಳು ಯಾಕೆ ಅಕ್ಕ ಇಳೀಲಿಲ್ಲ?"

ಆಟೊದ ಕಂಬಿ ಹಿಡಿದುಕೊಂಡಿದ್ದ ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. ಊರಿಗೆಲ್ಲ ಪಾಠ ಹೇಳುವವಳಿಗೆ ಇಷ್ಟು ತಿಳಿಯದೇ ಅನ್ನುವ ನೋಟ. "ಅದೂ ಗೊತ್ತಿಲ್ವೇನೇ ನಿನಗೆ. ಈ ಮನೇಲಿ ಇನ್ಯಾರಿದ್ದಾರೆ" ಎಂದರು.

ನಾಲ್ಕು ವರ್ಷ. ದಿನಕ್ಕೆ ಮೂರು ಸಲ ಊಟವಾಯಿತೇ ಎಂದು ಕೇಳಿ, ನಾನು ಆಯಿತು ಅಂದ ಮೇಲೇ ತಾವು ತಟ್ಟೆ ಹಾಕಿಕೊಂಡು, ಒಬ್ಬರೇ ನನ್ನನ್ನು ನೆಲದ ಮೇಲೆ ನಿಲ್ಲಿಸಿದ್ದರು. ನಾನು ಆ ಭಾರವನ್ನು ಗಿರಾಕಿಗಳದೆಂದು ಕೋಮಲಮ್ಮನ ಮುಂದೆ ಮೆರೆದಿದ್ದೆ. ಗಿರಾಕಿಗಳಿಗೆ ಬೇಕಾದದ್ದು ನನ್ನ ಲಾಂದ್ರ, ನಾನಲ್ಲ. ನಾಳೆ ಬೆಳಿಗ್ಗೆ ಕಾಫಿ ಆದ ಮೇಲೆ ಮನೆಯಲ್ಲಿ ಟಕ್ ಎನ್ನುವ ಸದ್ದು ಬರುವುದಿಲ್ಲ ಅನ್ನುವುದು ನೆನಪಾಯಿತು. ಬೇಡ, ಈಕೆ ಹೋಗಬಾರದು, ನನಗೆ ಈಕೆ ಬೇಕು, ಬೇಕೇ ಬೇಕು. ನನ್ನ ಜೀವಮಾನದಲ್ಲಿ ಏನನ್ನೂ ನಾನು ಹಾಗೆ ಬಯಸಿರಲಿಲ್ಲ.

ಅಷ್ಟರಲ್ಲಿ ಅಕ್ಕ ಆಟೊದ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಆಟೊ ಕಿರ್ರೆಂದು ಹಿಂದಕ್ಕೆ ವಾಲಿತು. ಮುಂದಿನ ಚಕ್ರ ನೆಲ ಬಿಟ್ಟು ಗೇಣುದ್ದ ಎದ್ದಿತು. ಹಿಡಿಕೆಗೆ ಜೋತುಬಿದ್ದ ಮಾದಪ್ಪ ಹಿಂದೆ ತಿರುಗಿ, ಇಷ್ಟು ವರ್ಷ ನನ್ನ ಗಂಟುಗಳನ್ನು ಎತ್ತಿದ ಅನುಭವದಿಂದ, "ಇದೇನ್ರವ್ವ, ಹರಾಜು ಮುಗಿಯೋ ಹೊತ್ತಾ? ಯಾರೋ ಜೋರಾಗಿ ಕೂಗ್ತಾ ಅವ್ರೆ" ಎಂದ.

ಅಕ್ಕ ಬೆದರಿ ಕಾಲನ್ನು ಹಿಂದಕ್ಕೆ ತೆಗೆದರು. ಪಾದ ಅಂಗಳಕ್ಕೆ ಇಳಿಯಿತು, ಮೊದಲು ಹೆಬ್ಬೆರಳು, ಆಮೇಲೆ ಹಿಮ್ಮಡಿ, ಹಸಿ ಸಗಣಿಯಲ್ಲಿ ಪಚಕ್ಕೆಂದು ಊರಿತು. ನನ್ನ ಹೆಗಲು ಹಿಡಿದುಕೊಂಡ ಅವರ ಕೈ ಎಷ್ಟು ಭಾರವಿತ್ತೆಂದರೆ ನನ್ನ ಮೊಣಕಾಲು ಮಡಿಚಿಕೊಂಡಿತು. "ಕಾಮು, ಬಸ್ಸು" ಎಂದರು. "ಹೋಗ್ಲಿ ಬಿಡಿ. ಇಲ್ಲೇ ಇರಿ ಅಕ್ಕ" ಎಂದೆ. ಅವರು ಬಹಳ ಹೊತ್ತು ತಮ್ಮ ಪಾದವನ್ನೇ ನೋಡಿದರು. ಗಿಳಿಯನ್ನು ಅಂಗೈಯಲ್ಲಿಟ್ಟು ನೋಡಿದ್ದರಲ್ಲ, ಹಾಗೆಯೇ. "ಸುಳ್ಳು ಕೂಗಲ್ಲ ತಾನೇ?" ಎಂದು ಕೇಳಿದರು. ನೀವೇ ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿದೆ. ಅಕ್ಕ ಇನ್ನೊಂದು ಕಾಲೆತ್ತಿ ನೆಲಕ್ಕೆ ಧಪ್ಪನೆ ಬಡಿದು ನೋಡಿದರು. ಕೆಸರು ಹಾರಿ ನನ್ನ ಸೀರೆಗೆಲ್ಲ ಬಿತ್ತು. ಎದುರು ಮನೆಯಲ್ಲಿ ಕೋಮಲಮ್ಮನ ತಟ್ಟೆ ಲೋಟ ಗಲಗಲ ಎಂದದ್ದು ಬೀದಿಗೇ ಕೇಳಿಸಿತು. ಮಾದಪ್ಪ ಟ್ರಂಕಿನ ಹಗ್ಗ ಬಿಚ್ಚಲು ಹೋಗಿ, ಈ ಸಲ ಎರಡೂ ಕೈ ಹಾಕಿದ.

ಆಷಾಢ ಬಂತು, ಹೋಯಿತು. ಈ ವರ್ಷದ ಗಾಳಿಗೆ ಮೇಲಿನ ಬೀದಿಯ ಎರಡು ತಗಡಿನ ಸೂರೇ ಗುಡ್ಡ ದಾಟಿದವು. ಅಕ್ಕ ನಡು ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು ಅವರೆಕಾಳು ಸುಲಿದರು. ನನ್ನ ಅಂಗಡಿ ಮತ್ತೆ ತೆರೆದಿದೆ. ಕೊಂಡವರು ಬರೆದದ್ದನ್ನೆಲ್ಲ ಈಗ ಗಟ್ಟಿಯಾಗಿ ಓದುತ್ತೇನೆ, ಅಕ್ಕ ಕೇಳಿಸದವರ ಹಾಗೆ ಇನ್ನೊಂದು ಗಂಟು ಬಿಗಿಯುತ್ತಾರೆ. ಗಿಳಿಯನ್ನು ಮಾರಲಿಲ್ಲ. ಅದನ್ನು ತಗುಲಿಹಾಕಿದ್ದ ಮೊಳೆ ಬಾಗಿ ಬಿತ್ತು, ಮಾದಪ್ಪನಿಂದ ಒಂದು ದಪ್ಪ ಮೊಳೆ ತರಿಸಿ ಹೊಡೆಸಿದ್ದೇನೆ. ಅಕ್ಕನಿಗೆ ಮಾತ್ರ ಮಂಡಿ ನೋವು ಶುರುವಾಗಿದೆ. "ಹಗುರವಾಗಿದ್ದಾಗಲೇ ಸುಖವಾಗಿತ್ತು ಕಣೇ" ಎಂದು ಅಟ್ಟದ ಮೆಟ್ಟಿಲು ಹತ್ತುವಾಗೆಲ್ಲ ನನ್ನನ್ನು ಬೈಯುತ್ತಾರೆ. ಸಂಜೆ ನಾನು ಎಳ್ಳೆಣ್ಣೆ ಬಿಸಿ ಮಾಡಿ ತಂದು ಅವರ ಮಂಡಿಗೆ ತಿಕ್ಕುತ್ತೇನೆ.